ಮಳೆಗಾಲಕ್ಕೂ ತಡೆಯುವ ಸಣ್ಣ ಅಡುಗೆಕೋಣೆ: ಅಳತೆಯಿಂದ ಅಲಂಕಾರದವರೆಗೆ

ಅಡುಗೆಕೋಣೆ ಸಣ್ಣದು, ಸಾಮಾನು ಹಿಡಿಸುವುದಿಲ್ಲ, ಏನು ಮಾಡಲಿ? ಮಂಗಳೂರು, ಉಡುಪಿ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕದ್ರಿಯ ಫ್ಲ್ಯಾಟಿನವರು, ಮಣಿಪಾಲದಲ್ಲಿ ಬಾಡಿಗೆಗೆ ಇರುವವರು, ಮಲ್ಪೆ ಬದಿಯ ಹಂಚಿನ ಮನೆಯವರು, ಎಲ್ಲರ ತಾಪತ್ರಯವೂ ಒಂದೇ. ಕೇಳುವವರಲ್ಲಿ ಹೆಚ್ಚಿನವರು ಅದಾಗಲೇ ಒಂದಷ್ಟು ದುಡ್ಡು ಸುರಿದಿರುತ್ತಾರೆ. ಮೊಬೈಲಿನಲ್ಲಿ ಕಂಡ ಯಾವುದೋ ಊರಿನ ಚೆಂದದ ಅಡುಗೆಕೋಣೆಯ ಹಾಗೆಯೇ ಕಪಾಟು ಮಾಡಿಸಿರುತ್ತಾರೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದರ ಬಾಗಿಲು ಉಬ್ಬಿ, ಮುಚ್ಚಲು ಬರುವುದಿಲ್ಲ.

ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ ಮಾತು. ಕರಾವಳಿಯ ಅಡುಗೆಕೋಣೆಯನ್ನು ಜುಲೈ ತಿಂಗಳ ಮಳೆಯನ್ನು ಕಣ್ಣ ಮುಂದೆ ಇಟ್ಟುಕೊಂಡು ಯೋಚಿಸಿ. ನಮ್ಮಲ್ಲಿ ವರ್ಷದ ಮಳೆ 3,500 ಮಿಲಿಮೀಟರ್ ದಾಟುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಆ ನಾಲ್ಕು ತಿಂಗಳು ಒಣಗಿರುವ ಅಡುಗೆಕೋಣೆ ಉಳಿದ ಎಂಟು ತಿಂಗಳು ತನ್ನಷ್ಟಕ್ಕೆ ಚೆನ್ನಾಗಿರುತ್ತದೆ. ಜಾಗ ಸಾಲದಿರುವುದಕ್ಕೂ ತೇವಕ್ಕೂ ನಂಟಿದೆ. ಬೂಷ್ಟು ಹಿಡಿಯುವ ಮೂಲೆಯನ್ನು ಯಾರೂ ಬಳಸುವುದಿಲ್ಲ, ಅಷ್ಟು ಜಾಗ ಹೋದ ಹಾಗೆಯೇ.

ಬೇಕಾದ ಸಾಮಗ್ರಿ ಹೆಚ್ಚೇನಿಲ್ಲ: ಅಳತೆ ಟೇಪು, ಒಂದು ನೋಟ್‌ಪುಸ್ತಕ, ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆ, ಅಂಟುಪಟ್ಟಿ, ಮತ್ತು ಎರಡು ಬಿಡುವಿನ ದಿನ. ಬಣ್ಣ, ಗಾರೆ, ಮರದ ಕೆಲಸ ಇದ್ದರೆ ದೀಪಾವಳಿ ಕಳೆದ ಮೇಲೆ ಶುರು ಮಾಡಿ ಏಪ್ರಿಲ್ ಒಳಗೆ ಮುಗಿಸಿ. ಮಳೆ ಹಿಡಿದ ಮೇಲೆ ಗಾರೆ ಒಣಗುವುದಿಲ್ಲ. ಒಣಗದ ಗಾರೆಯ ಮೇಲೆ ಬಳಿದ ಬಣ್ಣ ಗುಳ್ಳೆ ಎದ್ದು ಬರುತ್ತದೆ.

ಹಂತ 1: ಎಲ್ಲ ಹೊರಗೆ ತೆಗೆಯಿರಿ

ಒಂದು ಸಾಮಾನೂ ಬಿಡದೆ ಹೊರಗೆ ತಂದು ಚಾವಡಿಯಲ್ಲೋ ಹಾಲ್‌ನಲ್ಲೋ ಹರಡಿ. ದಿನವೂ ಬೇಕಾದದ್ದು, ವಾರಕ್ಕೊಮ್ಮೆ ಬೇಕಾದದ್ದು, ಅಷ್ಟಮಿ–ಚೌತಿ–ದೀಪಾವಳಿಗೆ ಮಾತ್ರ ಬೇಕಾದದ್ದು ಎಂದು ಮೂರು ರಾಶಿ ಮಾಡಿ. ಮೂರನೆಯ ರಾಶಿಗೆ ಅಡುಗೆಕೋಣೆಯಲ್ಲಿ ಜಾಗ ಬೇಡ. ದೊಡ್ಡ ಹಂಡೆ, ಹತ್ತಾರು ಜನರಿಗೆ ಬೇಯಿಸುವ ಚೆರಿಗೆ, ಶ್ಯಾವಿಗೆ ಒತ್ತುವ ಮಣೆ ಇವೆಲ್ಲ ಮಲಗುವ ಕೋಣೆಯ ಅಟ್ಟಕ್ಕೆ ಹೋಗಲಿ. ಮುಚ್ಚಳವಿಲ್ಲದ ಡಬ್ಬ, ಡಬ್ಬವಿಲ್ಲದ ಮುಚ್ಚಳ, ಮಿಠಾಯಿಯ ಜೊತೆ ಬಂದ ಪ್ಲಾಸ್ಟಿಕ್ ಪೆಟ್ಟಿಗೆಗಳನ್ನು ಅಲ್ಲೇ ವಿಲೇವಾರಿ ಮಾಡಿ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ರಾಶಿ ಮಾಡುವ ಮೊದಲೇ ಅಂಗಡಿಗೆ ಹೋಗಿ ಹನ್ನೆರಡು ಹೊಸ ಡಬ್ಬ, ಮೂರು ಸ್ಟ್ಯಾಂಡು ತಂದುಬಿಡುತ್ತಾರೆ. ಹಂತ 6 ಮುಗಿಯುವವರೆಗೆ ಯಾವುದನ್ನೂ ಕೊಳ್ಳಬೇಡಿ.

ಹಂತ 2: ಕೋಣೆಯನ್ನೂ ನಿಮ್ಮನ್ನೂ ಅಳೆಯಿರಿ, ಗೋಡೆಯನ್ನು ಪರೀಕ್ಷಿಸಿ

ಕೋಣೆಯ ಉದ್ದ, ಅಗಲ, ಕಿಟಕಿಯ ಕೆಳಅಂಚಿನ ಎತ್ತರ, ನಲ್ಲಿಯ ಜಾಗ, ಪ್ಲಗ್ ಪಾಯಿಂಟುಗಳು, ಬಾಗಿಲು ತೆರೆದಾಗ ಎಲ್ಲಿಯವರೆಗೆ ಬರುತ್ತದೆ, ಇಷ್ಟನ್ನೂ ಪುಸ್ತಕದಲ್ಲಿ ಬರೆದುಕೊಳ್ಳಿ. ಎರಡೂ ಬದಿ ಕಟ್ಟೆ ಹಾಕುವ ಆಸೆಯಿದ್ದರೆ ನಡುವೆ ಕನಿಷ್ಠ 3 ಅಡಿ ಉಳಿಯಬೇಕು. ಅದಕ್ಕಿಂತ ಕಡಿಮೆಯಾದರೆ ಕೆಳಗಿನ ಕಪಾಟಿನ ಬಾಗಿಲು ತೆರೆದು ಬಗ್ಗಲು ಆಗುವುದಿಲ್ಲ. 6 ಅಡಿ ಅಗಲದ ಕೋಣೆಯಲ್ಲಿ ಒಂದು ಬದಿ 24 ಇಂಚಿನ ಕಟ್ಟೆ, ಎದುರು ಬದಿ 12 ಇಂಚು ಆಳದ ತೆರೆದ ಶೆಲ್ಫು, ನಡುವೆ 3 ಅಡಿ ನಡೆಯುವ ಜಾಗ. ಇದು ಸರಿಯಾಗಿ ಕೂರುವ ಲೆಕ್ಕ.

ಕಟ್ಟೆಯ ಎತ್ತರಕ್ಕೆ ನಿಮ್ಮ ಮೊಣಕೈಯೇ ಅಳತೆ. ನೇರ ನಿಂತು ಕೈ ಮಡಚಿ. ನೆಲದಿಂದ ಮೊಣಕೈವರೆಗಿನ ಅಳತೆಯಲ್ಲಿ 4ರಿಂದ 5 ಇಂಚು ಕಳೆದರೆ ಬರುವುದು ನಿಮ್ಮ ಕಟ್ಟೆಯ ಎತ್ತರ. 38 ಇಂಚು ಬಂದರೆ ಕಟ್ಟೆ 33–34 ಇಂಚು ಇರಲಿ. ಕಟ್ಟಡದವರು ಎಲ್ಲರಿಗೂ ಒಂದೇ ಎತ್ತರ ಹಾಕಿಕೊಟ್ಟಿರುತ್ತಾರೆ. ಗಿಡ್ಡ ಇರುವವರಿಗೆ ಅದರಿಂದಲೇ ಭುಜನೋವು. ಕಟ್ಟೆ ಒಡೆಯಲು ಆಗದಿದ್ದರೆ ಒಲೆಯ ಮುಂದೆ ಗಟ್ಟಿಮುಟ್ಟಾದ, ಅಗಲದ, ಜಾರದ ಮರದ ಮಣೆ ಹಾಕಿ ನಿಂತರೂ ಸುಧಾರಿಸುತ್ತದೆ.

ಈಗ ಗೋಡೆ. ತೇವ ಇರಬಹುದು ಅನ್ನಿಸಿದ ಕಡೆ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಅಂಟುಪಟ್ಟಿ ಹಚ್ಚಿ, ಒಂದು ದಿನ ಬಿಡಿ. ಮರುದಿನ ಹಾಳೆಯ ಹಿಂಬದಿ, ಅಂದರೆ ಗೋಡೆಯ ಕಡೆಗೆ ನೀರಹನಿ ಕೂತಿದ್ದರೆ ತೇವ ಗೋಡೆಯೊಳಗಿಂದ ಬರುತ್ತಿದೆ. ಪೈಪು ಸೋರುತ್ತಿರಬಹುದು, ಹೊರಗೋಡೆ ಬಿರುಕು ಬಿಟ್ಟಿರಬಹುದು. ಮೊದಲು ಅದನ್ನು ಸರಿಮಾಡಿಸಿ. ಹನಿ ನಿಮ್ಮ ಕಡೆಗಿನ ಮೈಮೇಲೆ ಇದ್ದರೆ ಅದು ಕೋಣೆಯ ಹಬೆ. ಅದಕ್ಕೆ ಗಾಳಿ ಹೊರಹೋಗುವ ದಾರಿ ಮಾಡಿದರೆ ಸಾಕು. ಈ ಎರಡನ್ನೂ ಬೇರೆಮಾಡದೆ ದುಬಾರಿ ವಾಟರ್‌ಪ್ರೂಫ್ ಬಣ್ಣ ಹೊಡೆಸಿದವರು ಮರುವರ್ಷ ಮತ್ತೆ ಹೊಡೆಸುತ್ತಾರೆ.

ನೈಋತ್ಯ ಮುಂಗಾರಿನ ಮಳೆ ಗಾಳಿಯ ಜೊತೆ ಬಂದು ಬಡಿಯುವುದು ಪಶ್ಚಿಮ ಮತ್ತು ದಕ್ಷಿಣದ ಗೋಡೆಗಳಿಗೆ. ಆ ಗೋಡೆಗಳಿಗೆ ತಾಗಿಸಿ ಅಕ್ಕಿ, ಬೇಳೆ, ಹಪ್ಪಳದ ಕಪಾಟು ಇಡಬೇಡಿ. ಬೇರೆ ದಾರಿಯಿಲ್ಲದಿದ್ದರೆ ಗೋಡೆಗೂ ಕಪಾಟಿಗೂ ನಡುವೆ ಒಂದು ಇಂಚಾದರೂ ಗಾಳಿಯಾಡುವ ಜಾಗ ಬಿಡಿ.

ಹಂತ 3: ಹಸಿ ಬದಿ, ಒಣ ಬದಿ, ಬೆಂಕಿಯ ಬದಿ

ಕಾಗದದ ಮೇಲೆ ಕೋಣೆಯ ಗೆರೆ ಎಳೆದು ಮೂರು ಭಾಗ ಮಾಡಿ. ಸಿಂಕ್, ಪಾತ್ರೆ ಬಸಿಯುವ ಬುಟ್ಟಿ, ನೀರಿನ ಫಿಲ್ಟರು, ಗ್ರೈಂಡರು ಹಸಿ ಬದಿಗೆ. ಒಲೆ, ಸೌಟು–ಸಟ್ಟುಗ, ಕಾವಲಿ, ಬಾಣಲೆ, ಒಗ್ಗರಣೆಯ ಸಾಮಾನು ಬೆಂಕಿಯ ಬದಿಗೆ. ಅಕ್ಕಿ, ಬೇಳೆ, ಮೆಣಸು, ಬೆಲ್ಲ, ಹಪ್ಪಳ ಒಣ ಬದಿಗೆ. ಸಿಂಕ್‌ಗೂ ಒಲೆಗೂ ನಡುವೆ ಎರಡಡಿಯಾದರೂ ಖಾಲಿ ಕಟ್ಟೆ ಉಳಿಯಲಿ. ತರಕಾರಿ ಹೆಚ್ಚುವುದೂ ಮೀನು ತೊಳೆದಿಡುವುದೂ ಅಲ್ಲೇ. ಒಣ ಬದಿ ಸಿಂಕ್‌ನಿಂದ ಎಷ್ಟು ದೂರವಿದ್ದರೆ ಅಷ್ಟು ಒಳ್ಳೆಯದು. ಸಿಂಕ್‌ನ ಮೇಲಿನ ಕಪಾಟಿನಲ್ಲಿ ಮಸಾಲೆ ಡಬ್ಬ ಇಡುವವರು ತುಂಬ ಜನ. ಬಿಸಿನೀರಿನ ಹಬೆ ನೇರ ಅಲ್ಲಿಗೇ ಏರುತ್ತದೆ. ಅಲ್ಲಿ ಲೋಟ, ತಟ್ಟೆ ಇಡಿ.

ಹಬೆ ಹೊರಹಾಕುವ ಏರ್ಪಾಡನ್ನೂ ಈಗಲೇ ನಿರ್ಧರಿಸಿ. ಕುಚ್ಚಲಕ್ಕಿ ತೆರೆದ ಪಾತ್ರೆಯಲ್ಲಿ ಮುಕ್ಕಾಲು ಗಂಟೆಗೂ ಮಿಕ್ಕಿ ಕುದಿಯುತ್ತದೆ, ಅಷ್ಟೂ ಹೊತ್ತು ಹಬೆ ಏಳುತ್ತದೆ. ಸಣ್ಣ ಕೋಣೆಗೆ 9 ಇಂಚಿನ ಎಕ್ಸಾಸ್ಟ್ ಫ್ಯಾನ್ ಸಾಕು. ಒಲೆಗೆ ಹತ್ತಿರವಾಗಿ, ಗೋಡೆಯ ಮೇಲ್ಭಾಗದಲ್ಲಿ ಇರಲಿ. ಫ್ಯಾನು ನಿಂತಾಗ ಮಳೆ ಒಳಗೆ ಬಾರದ ಹಾಗೆ ಹೊರಗಡೆ ರೆಕ್ಕೆಮುಚ್ಚಳ ಹಾಕಿಸಿ. ಅಡುಗೆ ಮುಗಿದ ಮೇಲೂ ಹತ್ತು–ಹದಿನೈದು ನಿಮಿಷ ಓಡಲಿ. ಚಿಮಿನಿ ಕೊಳ್ಳುವವರು ಹೊರಗೆ ಪೈಪು ಹೋಗುವ ಬಗೆಯದ್ದನ್ನೇ ಕೊಳ್ಳಿ. ಪೈಪಿಲ್ಲದ ಚಿಮಿನಿ ಜಿಡ್ಡು, ವಾಸನೆ ಸೋಸಿ ಅದೇ ಗಾಳಿಯನ್ನು ಕೋಣೆಗೆ ಬಿಡುತ್ತದೆ. ಹಬೆ ಎಲ್ಲಿಗೂ ಹೋಗುವುದಿಲ್ಲ, ನಮ್ಮ ಊರಿಗೆ ಅದರಿಂದ ಪ್ರಯೋಜನ ಕಡಿಮೆ.

ಹಂತ 4: ಕಪಾಟಿಗೆ ಯಾವ ವಸ್ತು?

ದುಡ್ಡು ಹೆಚ್ಚು ಹೋಗುವುದೂ ಇಲ್ಲೇ, ಮೋಸ ಹೋಗುವುದೂ ಇಲ್ಲೇ. ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಮ್ಮ ಮನೆಯ ಸಿಂಕ್ ಕೆಳಗಿನ ಮೊದಲ ಕಪಾಟು ಪಾರ್ಟಿಕಲ್ ಬೋರ್ಡಿನದ್ದು. ಮರದ ಪುಡಿಗೆ ಅಂಟು ಬೆರೆಸಿ ಒತ್ತಿ ಮಾಡುವ ಹಲಗೆ ಅದು. ಎರಡನೇ ಮಳೆಗಾಲದಲ್ಲಿ ಬಾಗಿಲ ಕೆಳಅಂಚು ಬಿಸ್ಕತ್ತು ಚಹಾದಲ್ಲಿ ಅದ್ದಿದ ಹಾಗೆ ಊದಿಕೊಂಡಿತು. ಒಂದು ದಿನ ಬಾಗಿಲು ಎಳೆದಾಗ ಕೀಲು ಕೈಗೇ ಬಂತು. ಸ್ಕ್ರೂ ನಾಲ್ಕೂ ಅದರಲ್ಲೇ ಇದ್ದವು, ಎಳೆಗಳ ತುಂಬ ಕಂದು ಪುಡಿ. ಒಮ್ಮೆ ಊದಿದ ಹಲಗೆ ಮತ್ತೆ ಇಳಿಯುವುದಿಲ್ಲ, ಆ ತೂತಿನಲ್ಲಿ ಸ್ಕ್ರೂ ಮತ್ತೆ ಕಚ್ಚುವುದೂ ಇಲ್ಲ. ಎಂಡಿಎಫ್ ಹಲಗೆಯೂ ಇದೇ ಜಾತಿಯದು, ಪುಡಿಯ ಬದಲು ಮರದ ನಯವಾದ ನಾರು, ಅಷ್ಟೇ. ಹಸಿ ಬದಿಗೆ ಇವೆರಡೂ ಬೇಡ.

ಪ್ಲೈವುಡ್ ಬೇಕೆಂದರೆ ಹಲಗೆಯ ಮೇಲಿನ ಮುದ್ರೆ ನೋಡಿ. ಐಎಸ್ 710 ಎಂದಿದ್ದರೆ ಅದು ಮರೀನ್ ಪ್ಲೈ, ಕುದಿಯುವ ನೀರಿಗೂ ಬಿಡದ ಅಂಟು ಹಾಕಿದ್ದು. ಎಂಆರ್ ಎಂದರೆ ಬರೇ ಗಾಳಿಯ ತೇವ ತಡೆಯುವಂಥದ್ದು, ಮಲಗುವ ಕೋಣೆಗೆ ಸರಿ. ಮರೀನ್ ಪ್ಲೈ ಆದರೂ ಕೊಯ್ದ ಅಂಚು, ಪೈಪಿಗೆಂದು ಕೊರೆದ ತೂತು ತೆರೆದೇ ಇದ್ದರೆ ಅಲ್ಲಿಂದ ನೀರು ಹೀರುತ್ತದೆ. ಬಡಗಿ ಹೋಗುವ ಮೊದಲು ಕೈಯಾಡಿಸಿ ನೋಡಿ. ಕಣ್ಣಿಗೆ ಕಾಣದ ಹಿಂಬದಿಯ ಅಂಚಿಗೂ ಪಟ್ಟಿ ಅಂಟಿಸಿರಬೇಕು, ತೂತಿನ ಸುತ್ತ ಸಿಲಿಕಾನ್ ಹಚ್ಚಿರಬೇಕು. ಕಪಾಟು ನೆಲಕ್ಕೆ ತಾಗಬಾರದು. 4 ಇಂಚಿನ ಪ್ಲಾಸ್ಟಿಕ್ ಕಾಲು ಹಾಕಿಸಿ, ಮುಂದಿನ ಪಟ್ಟಿ ಕಳಚಿ ತೆಗೆಯುವಂತಿರಲಿ. ನೆಲ ಒರೆಸುವ ನೀರೂ ಗೆದ್ದಲೂ ಮೇಲೇರುವುದು ಕಡಿಮೆಯಾಗುತ್ತದೆ, ಬಂದರೂ ಬೇಗ ಕಾಣುತ್ತದೆ.

ನನ್ನ ಆಯ್ಕೆ ಕೇಳಿದರೆ, ಕೆಳಗಿನ ಕಪಾಟಿಗೆ ಕಡಪ ಕಲ್ಲಿನ ಹಲಗೆ, ಅದರ ಮುಂದೆ ಅಲ್ಯೂಮಿನಿಯಂ ಚೌಕಟ್ಟಿನ ಬಾಗಿಲು. ಹಿಂದಿನವರು ಅಡ್ಡಗೋಡೆ ಕಟ್ಟಿ ಕಡಪ ಕಲ್ಲು ಹಾಸುತ್ತಿದ್ದದ್ದು ಇಂದಿಗೂ ಹಳೇ ಮನೆಗಳಲ್ಲಿ ಗಟ್ಟಿಯಾಗಿ ನಿಂತಿದೆ. ಅದು ಊದುವುದಿಲ್ಲ, ಗೆದ್ದಲು ಹಿಡಿಯುವುದಿಲ್ಲ, ಗ್ರೈಂಡರಿನ ಭಾರಕ್ಕೂ ಅಳುಕುವುದಿಲ್ಲ. ಒಂದೇ ಎಚ್ಚರಿಕೆ: ಕಡಪ ಸುಣ್ಣದ ಜಾತಿಯ ಕಲ್ಲು. ಹುಣಸೆಹುಳಿ, ಲಿಂಬೆರಸ, ಪುನರ್ಪುಳಿ ಬಿದ್ದರೆ ಬಿಳಿ ಕಲೆ ಕಚ್ಚುತ್ತದೆ. ಕಟ್ಟೆಯ ಮೇಲ್ಮೈಗೆ ಗ್ರಾನೈಟ್, ಒಳಗಿನ ಶೆಲ್ಫಿಗೆ ಕಡಪ, ಹೀಗೆ ಹಂಚಿಕೊಳ್ಳಿ. ಬಜೆಟ್ ತೀರಾ ಕಡಿಮೆ ಇದ್ದರೆ ಬಾಗಿಲೇ ಬೇಡ. ತೆಳು ಹತ್ತಿಬಟ್ಟೆಯ ಪರದೆ ತೂಗುಬಿಡಿ, ನೆಲದಿಂದ ಎರಡು ಇಂಚು ಮೇಲಿರಲಿ. ಒಲೆಯ ಕೆಳಗೆ ಮಾತ್ರ ಪರದೆ ಬೇಡ. ಉಳಿದ ಕಡೆ ಪರದೆಯಾದರೆ ಗಾಳಿಯಾಡುತ್ತದೆ, ತೊಳೆಯಬಹುದು, ಮಳೆಗಾಲದಲ್ಲಿ ಬದಲಿಸಲು ಎರಡು ಜೊತೆ ಇದ್ದರಾಯಿತು.

ಸ್ಟೀಲಿನ ಬುಟ್ಟಿ, ಪಾತ್ರೆ ಸ್ಟ್ಯಾಂಡು ಕೊಳ್ಳುವಾಗ 304 ಎಂಬ ದರ್ಜೆ ಕೇಳಿ. ಅದರಲ್ಲಿ ಕ್ರೋಮಿಯಂ ಸುಮಾರು 18 ಶೇಕಡಾ, ನಿಕ್ಕಲ್ 8 ಶೇಕಡಾ ಇರುತ್ತದೆ. 202 ದರ್ಜೆಯಲ್ಲಿ ನಿಕ್ಕಲ್ ಕಡಿಮೆ, ಉಪ್ಪುಗಾಳಿಗೆ ಬೇಗ ತುಕ್ಕು ಚುಕ್ಕೆ ಬೀಳುತ್ತದೆ. ಅಂಗಡಿಯಲ್ಲಿ ಆಯಸ್ಕಾಂತ ಹಿಡಿದು "ನೋಡಿ, ಅಂಟುವುದಿಲ್ಲ, ಒಳ್ಳೇ ಸ್ಟೀಲು" ಎಂದು ತೋರಿಸುತ್ತಾರೆ. ಆ ಪರೀಕ್ಷೆಯಿಂದ ಇವೆರಡರ ವ್ಯತ್ಯಾಸ ಗೊತ್ತಾಗುವುದಿಲ್ಲ, ಎರಡಕ್ಕೂ ಆಯಸ್ಕಾಂತ ಅಂಟುವುದಿಲ್ಲ. ಬಿಲ್ಲಿನಲ್ಲಿ ದರ್ಜೆ ಬರೆಸಿಕೊಳ್ಳಿ. ಪಣಂಬೂರು, ಸುರತ್ಕಲ್, ಮಲ್ಪೆಯಂತೆ ಕಡಲಿಗೆ ಹತ್ತಿರ ಇರುವವರಿಗೆ 304 ಮೇಲೂ ಚಹಾಬಣ್ಣದ ಕಲೆ ಕಾಣಿಸಬಹುದು. ವಾರಕ್ಕೊಮ್ಮೆ ಸಿಹಿನೀರಲ್ಲಿ ಒರೆಸಿ ಒಣಬಟ್ಟೆಯಲ್ಲಿ ಉಜ್ಜಿದರೆ ಹೋಗುತ್ತದೆ.

ಗೋಡೆಗೆ ತೂಗುಹಾಕುವ ಕಪಾಟಿನ ಆಳ 12 ಇಂಚು ಮೀರದಿರಲಿ, ಮೀರಿದರೆ ತಲೆಗೆ ಬಡಿಯುತ್ತದೆ. ಹಳೇ ಮನೆಯ ಕೆಂಪುಕಲ್ಲಿನ ಗೋಡೆಗೆ ಡ್ರಿಲ್ ಹಾಕಿದರೆ ಪುಡಿ ಉದುರಿ ತೂತು ಅಗಲವಾಗುತ್ತದೆ, ಸಣ್ಣ ಪ್ಲಾಸ್ಟಿಕ್ ಪ್ಲಗ್ ಅದರಲ್ಲಿ ನಿಲ್ಲುವುದಿಲ್ಲ. ಅಲ್ಲಿ ಭಾರದ ಕಪಾಟು ತೂಗುಹಾಕುವ ಯೋಚನೆ ಬಿಟ್ಟು ನೆಲದಿಂದ ಎದ್ದ ಸ್ಟ್ಯಾಂಡು ಇಡಿ.

ಹಂತ 5: ಗ್ಯಾಸು, ಕರೆಂಟು

ಜಾಗ ಉಳಿಸುವ ಆತುರದಲ್ಲಿ ಇವೆರಡರ ಜೊತೆ ಆಟ ಬೇಡ.

ಮನೆಬಳಕೆಯ 14.2 ಕಿಲೋ ಸಿಲಿಂಡರು ಯಾವಾಗಲೂ ನೇರ ನಿಂತಿರಬೇಕು, ಒಲೆ ಅದಕ್ಕಿಂತ ಎತ್ತರದಲ್ಲಿರಬೇಕು. ಸಿಲಿಂಡರಿನ ಅನಿಲ ಗಾಳಿಗಿಂತ ಭಾರ. ಸೋರಿದರೆ ಕೆಳಗೆ ಇಳಿದು ನೆಲದ ಮೇಲೆ ಹರಡುತ್ತದೆ. ಅದಕ್ಕೆ ಸಿಲಿಂಡರನ್ನು ಕಪಾಟಿನೊಳಗೆ ಇಟ್ಟರೆ ಬಾಗಿಲ ಕೆಳಭಾಗದಲ್ಲಿ, ನೆಲದ ಮಟ್ಟದಲ್ಲೇ, ಗಾಳಿಕಂಡಿ ಬೇಕು. ಚೆಂದಕ್ಕೆಂದು ಮೇಲ್ಗಡೆ ಮಾತ್ರ ಕಂಡಿ ಕೊರೆಸಿದ್ದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲದ ಕತೆ ತಿರುಗುಮುರುಗು, ಅದು ಗಾಳಿಗಿಂತ ಹಗುರ. ಅಂಥವರಿಗೆ ಕಂಡಿ ಮೇಲ್ಗಡೆ ಬೇಕು. ರಬ್ಬರ್ ಕೊಳವೆಯ ಮೇಲೆ ಮುದ್ರಿಸಿದ ವರ್ಷ ನೋಡಿ, ಐದು ವರ್ಷ ಆಗಿದ್ದರೆ ಬದಲಿಸಿ. ಕೊಳವೆ ಕಪಾಟಿನ ಚೂಪು ಅಂಚಿಗೆ ಉಜ್ಜದಿರಲಿ. ಅನಿಲ ಸೋರಿಕೆಯ ತುರ್ತು ಸಂಖ್ಯೆ 1906 ಅನ್ನು ಬಾಗಿಲ ಒಳಬದಿಗೆ ಬರೆದು ಅಂಟಿಸಿ.

ಕರೆಂಟಿನ ವಿಷಯ. 2000 ವ್ಯಾಟ್‌ನ ಇಂಡಕ್ಷನ್ ಒಲೆ 230 ವೋಲ್ಟ್‌ನಲ್ಲಿ ಹೆಚ್ಚುಕಡಿಮೆ 8.7 ಆಂಪಿಯರ್ ಎಳೆಯುತ್ತದೆ. ಸಣ್ಣ ಪ್ಲಗ್ ಪಾಯಿಂಟ್ ತಾಳುವುದು 6 ಆಂಪಿಯರ್. ಅದಕ್ಕೆ 16 ಆಂಪಿಯರಿನ ದೊಡ್ಡ ಪಾಯಿಂಟೇ ಬೇಕು. ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿ ಇಂಡಕ್ಷನ್, ಓವನ್ ಓಡಿಸಬೇಡಿ. ಗ್ರೈಂಡರು ಇಡುವ ಹಸಿ ಬದಿಯ ಪಾಯಿಂಟು ಸಿಂಕ್‌ನ ನೀರು ಸಿಡಿಯುವ ದೂರದಲ್ಲಿ ಇರಬಾರದು. ಮನೆಯ ಮೇನ್ ಬೋರ್ಡಿನಲ್ಲಿ ಕರೆಂಟು ಸೋರಿದರೆ ತಾನಾಗಿ ಕಡಿದುಹೋಗುವ ಸ್ವಿಚ್, ಅಂದರೆ ಆರ್‌ಸಿಸಿಬಿ, ಇದೆಯೇ ಎಂದು ಎಲೆಕ್ಟ್ರಿಷಿಯನ್ನರನ್ನು ಕೇಳಿ. ಒದ್ದೆ ಕೈಯಲ್ಲಿ ಗ್ರೈಂಡರು ಮುಟ್ಟುವ ಮನೆಗೆ ಅದು ಇರಲೇಬೇಕು.

ಹಂತ 6: ಕಾಯಿ, ಗ್ರೈಂಡರು, ಕುಚ್ಚಲಕ್ಕಿ

ನಮ್ಮ ಅಡುಗೆಕೋಣೆಯ ಅರ್ಧ ಜಾಗ ಈ ಮೂರಕ್ಕೇ ಹೋಗುತ್ತದೆ. ಬೇರೆ ಊರಿನವರು ಬರೆದ ಸಲಹೆಗಳಲ್ಲಿ ಇವುಗಳ ಸುದ್ದಿಯೇ ಇರುವುದಿಲ್ಲ.

ಕಾಯಿ ಹೆರೆಯಲು ಈಗ ನೆಲದ ಮೇಲೆ ಕೂರುವವರು ಕಡಿಮೆ. ಕಟ್ಟೆಗೆ ರಬ್ಬರ್ ತಳದಿಂದ ಕಚ್ಚುವ ತಿರುಗಿಸುವ ಯಂತ್ರ ನಯವಾದ ಗ್ರಾನೈಟ್ ಮೇಲೆ ಮಾತ್ರ ನಿಲ್ಲುತ್ತದೆ, ಟೈಲ್ಸ್ ಸಂದಿನ ಮೇಲೆ ನಿಲ್ಲುವುದಿಲ್ಲ. ಅಂಚಿಗೆ ಸ್ಕ್ರೂ ಬಿಗಿಯುವ ಬಗೆಯದಾದರೆ ಗ್ರಾನೈಟ್ ಕಪಾಟಿನಿಂದ ಒಂದೂವರೆ ಇಂಚಾದರೂ ಮುಂದೆ ಚಾಚಿರಬೇಕು. ಹೊಸ ಕಟ್ಟೆ ಹಾಕಿಸುವವರು ಇದನ್ನು ಕೆಲಸದವರಿಗೆ ಮೊದಲೇ ಹೇಳಿ. ಹಳೆಯ ಹೆರೆಮಣೆಯನ್ನೇ ಇಟ್ಟುಕೊಂಡಿರುವವರು ಅದನ್ನು ಮಕ್ಕಳ ಕಾಲಿಗೆ ತಾಗದ ಹಾಗೆ, ಹಲ್ಲು ಗೋಡೆಯ ಕಡೆ ಮಾಡಿ, ಕಟ್ಟೆಯ ಕೆಳಗೆ ಒಂದು ಮೂಲೆ ಗೊತ್ತುಮಾಡಿ ಇಡಿ. ಒಡೆದ ಕಾಯಿಯಲ್ಲಿ ಕಣ್ಣಿರುವ ಹೋಳು ಬೇಗ ಹಾಳಾಗುತ್ತದೆ, ಅದನ್ನು ಮೊದಲು ಬಳಸಿ. ವಾರಕ್ಕಾಗುವಷ್ಟು ಕಾಯಿ ಒಂದೇ ದಿನ ಹೆರೆದು, ಒಂದೊಂದು ಹೊತ್ತಿನ ಪದಾರ್ಥಕ್ಕೆ ಬೇಕಾದಷ್ಟು ಬೇರೆಬೇರೆ ಡಬ್ಬಿಗಳಲ್ಲಿ ಫ್ರೀಜರಿನಲ್ಲಿಟ್ಟರೆ ದಿನವೂ ಆ ಯಂತ್ರ ಕಟ್ಟೆಯ ಮೇಲೆ ಕೂತಿರಬೇಕಿಲ್ಲ.

ಗ್ರೈಂಡರು ಭಾರದ ವಸ್ತು. ಅಟ್ಟಕ್ಕೋ ಕೆಳಗಿನ ಕಪಾಟಿನ ಒಳಮೂಲೆಗೋ ಹಾಕಿದರೆ ಎತ್ತುವ ಕಷ್ಟಕ್ಕೆ ಅದನ್ನು ಬಳಸುವುದೇ ನಿಲ್ಲುತ್ತದೆ. ಕಟ್ಟೆಯ ಕೆಳಗೆ, ಸಿಂಕ್ ಪಕ್ಕದ ಅಂಕಣವನ್ನು ಬಾಗಿಲಿಲ್ಲದೆ ಬಿಟ್ಟು, ಬ್ರೇಕ್ ಇರುವ ಚಕ್ರದ ಹಲಗೆಯ ಮೇಲೆ ಇಡಿ. ಉದ್ದು–ಅಕ್ಕಿ ಕಡೆಯುವಾಗ ಹೊರಗೆ ಎಳೆದು, ಬ್ರೇಕ್ ಹಾಕಿ, ಮುಗಿದ ಮೇಲೆ ತೊಳೆದು ಒಣಗಿಸಿ ಒಳಗೆ ತಳ್ಳಿ. ಹಿಟ್ಟು ಹುಳಿ ಬರಲು ಇಡುವ ಪಾತ್ರೆಗೂ ಅಲ್ಲೇ ಮೇಲೊಂದು ತಟ್ಟು ಮಾಡಿಸಿ. ತಳದಲ್ಲಿ ತಟ್ಟೆಯಿರಲಿ, ಹಿಟ್ಟು ಉಕ್ಕಿ ಕಪಾಟಿಗೆ ಇಳಿದರೆ ಜಿರಲೆಗೆ ಹಬ್ಬ.

ಅಕ್ಕಿಯ ಡಬ್ಬಕ್ಕೆ ಲೆಕ್ಕ ಹೀಗೆ: 10 ಕಿಲೋ ಅಕ್ಕಿಗೆ ಹತ್ತಿರ ಹತ್ತಿರ 13 ಲೀಟರ್ ಜಾಗ ಬೇಕು, 25 ಕಿಲೋ ಮೂಟೆಗೆ 31–32 ಲೀಟರ್. ಸಣ್ಣ ಕೋಣೆಯವರು 25 ಕಿಲೋ ತರುವುದು ಬೇಡವೆಂದೇ ನನ್ನ ಅಭಿಪ್ರಾಯ, ಉಳಿಯುವ ಹಣಕ್ಕಿಂತ ಕಳೆಯುವ ಜಾಗ ದೊಡ್ಡದು. ಹಿಂದೆ ಅಕ್ಕಿಯನ್ನು ಹುಲ್ಲಿನ ಮುಡಿ ಕಟ್ಟಿ ಅಟ್ಟದ ಮೇಲೆ ಇಡುತ್ತಿದ್ದರು. ಕೆಳಗಿನ ಒಲೆಯ ಬಿಸಿ ಅದನ್ನು ಒಣಗಿಸಿಡುತ್ತಿತ್ತು. ಫ್ಲ್ಯಾಟಿನಲ್ಲಿ ಆ ಅನುಕೂಲ ಇಲ್ಲ. ಡಬ್ಬ ನೆಲಕ್ಕೆ ತಾಗದ ಹಾಗೆ ಮಣೆಯ ಮೇಲಿರಲಿ. ಅನ್ನದ ತಿಳಿ ಬಸಿಯಲು ಸಿಂಕ್ ಬದಿಯಲ್ಲಿ ದೊಡ್ಡ ಪಾತ್ರೆ ಬಗ್ಗಿಸುವಷ್ಟು ಜಾಗ ಬಿಡಿ. ಸಣ್ಣ ಸಿಂಕ್ ಮೇಲೆ ನಲ್ಲಿ ಅಡ್ಡ ಬಂದು ಬಿಸಿ ತಿಳಿ ಕೈಗೆ ಬಿದ್ದು ಸುಟ್ಟುಕೊಂಡವರಿದ್ದಾರೆ. ಬದಿಗೆ ತಿರುಗುವ ನಲ್ಲಿ ಹಾಕಿಸಿದರೆ ಈ ತೊಂದರೆ ಇಲ್ಲ.

ಹಂತ 7: ಡಬ್ಬ ಜೋಡಿಸುವುದು

ಈಗ ಡಬ್ಬ ಕೊಳ್ಳಬಹುದು. ಚೌಕದ ಡಬ್ಬ ಆರಿಸಿ. ಚೌಕ ಜಾಗದಲ್ಲಿ ದುಂಡು ಡಬ್ಬ ಇಟ್ಟರೆ ನಾಲ್ಕು ಮೂಲೆ ಸೇರಿ 21 ಶೇಕಡಾ ಜಾಗ ವ್ಯರ್ಥ. ಒಂದು ಸಾಲಿನ ಹಿಂದೆ ಇನ್ನೊಂದು ಸಾಲು ಬೇಡ, ಹಿಂದಿನ ಸಾಲಿನಲ್ಲಿ ಇಟ್ಟದ್ದು ಮರೆತುಹೋಗಿ ಹುಳ ಬಿದ್ದ ಮೇಲೇ ನೆನಪಾಗುತ್ತದೆ. ಕಣ್ಣಿನಿಂದ ಸೊಂಟದವರೆಗಿನ ಶೆಲ್ಫಿನಲ್ಲಿ ದಿನಬಳಕೆಯದ್ದು, ಮೇಲೆ ಹಗುರದ್ದು, ಕೆಳಗೆ ಭಾರದ್ದು. ಉಪ್ಪಿನಕಾಯಿ ಭರಣಿ, ಎಣ್ಣೆಡಬ್ಬ ಮೇಲಕ್ಕೆ ಏರಬಾರದು.

ಮಳೆಗಾಲದ ದಾಸ್ತಾನಿಗೆ ಮೇ ತಿಂಗಳ ಬಿಸಿಲು ಬಳಸಿಕೊಳ್ಳಿ. ಬ್ಯಾಡಗಿ ಮೆಣಸು, ಕೊತ್ತಂಬರಿ, ಹುಣಸೆ, ಹಪ್ಪಳ, ಸಂಡಿಗೆ ಎಲ್ಲ ಬಿಸಿಲಿಗೆ ಹಾಕಿ, ಪೂರ್ತಿ ತಣಿದ ಮೇಲೆ ಡಬ್ಬಕ್ಕೆ ತುಂಬಿ. ಬಿಸಿಯಿರುವಾಗಲೇ ಮುಚ್ಚಿದರೆ ಮುಚ್ಚಳದ ಒಳಗೆ ಹನಿ ಕೂತು ಅಲ್ಲಿಂದಲೇ ಬೂಷ್ಟು ಶುರು. ದೊಡ್ಡ ಡಬ್ಬದಲ್ಲಿ ದಾಸ್ತಾನು, ಸಣ್ಣ ಡಬ್ಬಿಯಲ್ಲಿ ವಾರದ್ದು ಹೀಗೆ ಎರಡು ಮಾಡಿ. ಮಳೆಯ ದಿನ ದೊಡ್ಡ ಡಬ್ಬ ಹತ್ತು ಸಲ ತೆರೆದರೆ ಹತ್ತು ಸಲ ತೇವ ಒಳಗೆ ಹೋಗುತ್ತದೆ. ರವೆ ಹುರಿದಿಡಿ. ಉಪ್ಪು, ಬೆಲ್ಲ ನೀರು ಬಿಡುವ ಜಾತಿ, ಅವಕ್ಕೆ ಭರಣಿಯೋ ಗಾಜಿನ ಬಾಟಲಿಯೋ ಇರಲಿ, ಲೋಹದ ಡಬ್ಬ ಬೇಡ. ಒಣಮೀನಿನ ಡಬ್ಬ ರಬ್ಬರ್ ಸುತ್ತಿನ ಬಿಗಿ ಮುಚ್ಚಳದ್ದಾಗಿರಲಿ, ಚಹಾಪುಡಿಯ ಹತ್ತಿರವೂ ಬರದಿರಲಿ. ನೀರುಳ್ಳಿ, ಬಟಾಟೆ ಬೇರೆಬೇರೆ ಬುಟ್ಟಿಯಲ್ಲಿ ಇಡಿ.

ಡಬ್ಬಿಗಳಿಗೆ ಹೆಸರು ಬರೆಯುವಾಗ ಅಂಟಿಸಿದ ಕಾಗದ ಜುಲೈಯಲ್ಲಿ ಕಳಚುತ್ತದೆ. ಅಳಿಸದ ಮಾರ್ಕರ್‌ನಿಂದ ನೇರ ಡಬ್ಬದ ಮೇಲೆ ಬರೆಯಿರಿ, ತುಂಬಿದ ತಿಂಗಳನ್ನೂ ಸೇರಿಸಿ.

ಹಂತ 8: ಬೆಳಕು, ಬಣ್ಣ, ಅಲಂಕಾರ

ಸಣ್ಣ ಕೋಣೆಯನ್ನು ದೊಡ್ಡದಾಗಿ ಕಾಣಿಸುವುದು ಬೆಳಕು. ಮಳೆಗಾಲದಲ್ಲಿ ಮಧ್ಯಾಹ್ನ ಮೂರಕ್ಕೇ ಕತ್ತಲು ಕವಿಯುವ ಊರು ನಮ್ಮದು. ಚಾವಣಿಯ ನಡುವಿನ ಒಂದೇ ಟ್ಯೂಬ್‌ಲೈಟ್ ನಿಮ್ಮ ಬೆನ್ನ ಹಿಂದಿರುತ್ತದೆ, ಹೆಚ್ಚುವ ಮಣೆಯ ಮೇಲೆ ನಿಮ್ಮದೇ ನೆರಳು. ಮೇಲಿನ ಕಪಾಟಿನ ಅಡಿಗೆ, ಮುಂದಿನ ಅಂಚಿಗೆ ಹತ್ತಿರವಾಗಿ ಎಲ್‌ಇಡಿ ಪಟ್ಟಿ ಹಾಕಿಸಿ. 4000 ಕೆಲ್ವಿನ್ ಎಂದು ಬರೆದದ್ದು ತರಕಾರಿಯ, ಮೀನಿನ ನಿಜ ಬಣ್ಣ ತೋರಿಸುವಷ್ಟು ಬಿಳುಪು, ಕಣ್ಣಿಗೂ ಹಿತ. ಹಂಚಿನ ಮನೆಯವರು ಒಂದೆರಡು ಹಂಚು ತೆಗೆದು ಗಾಜಿನ ಹಂಚು ಹಾಕಿಸಿದರೆ ಹಗಲು ಲೈಟೇ ಬೇಡ.

ಗೋಡೆಗೆ ತೊಳೆಯಬಹುದಾದ ಬಣ್ಣ, ತೆಳು ಛಾಯೆ. ಒಲೆಯ ಹಿಂದೆ ಎರಡಡಿ ಎತ್ತರಕ್ಕೆ ಟೈಲ್ಸ್. ಸಂದುಗಳಿಗೆ ಸಿಮೆಂಟಿನ ಬದಲು ಎಪಾಕ್ಸಿ ಗ್ರೌಟ್, ಅಂದರೆ ನೀರು ಹೀರದ ಅಂಟುಗಾರೆ, ತುಂಬಿಸಿ. ಸಂದು ಕಪ್ಪಾಗುವುದು ತಪ್ಪುತ್ತದೆ.

ಅಲಂಕಾರಕ್ಕೆ ಸೆಣಬಿನ ತೂಗುಬಲೆ, ಬೆತ್ತದ ಬುಟ್ಟಿ, ಗೋಡೆಗೆ ತಾಗಿದ ಮರದ ಚಿತ್ರಫಲಕ ಇವೆಲ್ಲ ಬೇಸಗೆಯಲ್ಲಿ ಚೆಂದ, ಆಗಸ್ಟಿನಲ್ಲಿ ಬಿಳಿ ಬೂಷ್ಟು. ಸುಟ್ಟ ಮಣ್ಣು, ಪಿಂಗಾಣಿ, ಗಾಜು, ಹಿತ್ತಾಳೆ ನಮ್ಮ ಹವೆಗೆ ಒಗ್ಗುತ್ತವೆ. ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಶುರು ಮಾಡಿದ ಕಾರ್ಖಾನೆಯಿಂದ ಹೆಸರಾದ ಮಂಗಳೂರು ಹಂಚು ಹಳೇ ಮನೆ ಕೆಡಹುವಲ್ಲಿ ಈಗಲೂ ಸಿಗುತ್ತದೆ. ಅಚ್ಚು ಸ್ಪಷ್ಟವಿರುವ ಒಂದನ್ನು ತಂದು, ತೊಳೆದು ಒಣಗಿಸಿ, ಒಲೆಯಿಂದ ದೂರದ ಶೆಲ್ಫಿನಲ್ಲಿ ನಿಲ್ಲಿಸಿ. ಮೀನು ಸಾರಿನ ಮಣ್ಣಿನ ಚಟ್ಟಿ, ಅಜ್ಜಿಯ ಕಾಲದ ಉಪ್ಪಿನಕಾಯಿ ಭರಣಿ, ಹಿತ್ತಾಳೆಯ ತಂಬಿಗೆ ಇದ್ದರೆ ಅಟ್ಟದಿಂದ ಇಳಿಸಿ ಕಾಣುವ ಕಡೆ ಇಡಿ, ಬಳಸಿಯೂ ಬಳಸಿ. ಹಿತ್ತಾಳೆ ಮಂಕಾದರೆ ಹುಣಸೆಹುಳಿ ಇದೆಯಲ್ಲ. ತೆರೆದ ಶೆಲ್ಫಿನಲ್ಲಿ ಇಂಥವು ಮೂರು–ನಾಲ್ಕು ಸಾಕು, ಪ್ರತಿ ವಸ್ತುವೂ ವಾರಕ್ಕೊಮ್ಮೆ ಜಿಡ್ಡು ಒರೆಸಬೇಕಾದ ವಸ್ತುವೇ.

ಕಿಟಕಿಯ ಹೊರಗೆ ಕಂಬಿಗೆ ತಗುಲಿಸಿದ ಅಗಲದ ಕುಂಡದಲ್ಲಿ ಒಂದೆಲಗ ಬೆಳೆಸಿ. ತುಳುವಿನಲ್ಲಿ ನಾವು ತಿಮರೆ ಎನ್ನುವ ಈ ಬಳ್ಳಿಗೆ ತೇವವೇ ಇಷ್ಟ, ಮಳೆಗಾಲದಲ್ಲಿ ಚಟ್ನಿಗೆ ಬೇಕಾದಷ್ಟು ಎಲೆ ಕೊಡುತ್ತದೆ. ಕುಂಡ ಒಳಗೆ ತರಬೇಡಿ, ಒದ್ದೆ ಮಣ್ಣಿನಿಂದ ಕೋಣೆಯ ತೇವವೂ ಸೊಳ್ಳೆಯೂ ಹೆಚ್ಚುತ್ತವೆ.

ಹಂತ 9: ಬಾಡಿಗೆ ಮನೆಯವರಿಗೆ

ಗೋಡೆ ಕೊರೆಯುವಂತಿಲ್ಲ, ಕಪಾಟು ಬದಲಿಸುವಂತಿಲ್ಲ ಎನ್ನುವವರು ಹಂತ 1, 3, 7 ಮಾಡಿದರೂ ಕೋಣೆ ಗುರುತು ಸಿಗದಷ್ಟು ಬದಲಾಗುತ್ತದೆ. ಮುಂದಿನ ಮನೆಗೂ ಒಯ್ಯಬಹುದಾದ್ದರಲ್ಲೇ ದುಡ್ಡು ಹಾಕಿ: ಕಟ್ಟೆಯ ಮೇಲೆ ನಿಲ್ಲುವ ಎರಡು ಅಂತಸ್ತಿನ ಸ್ಟ್ಯಾಂಡು, ಚಕ್ರದ ಹಲಗೆ, ಬಾಗಿಲ ಮೇಲಂಚಿಗೆ ಸಿಕ್ಕಿಸುವ ಕೊಕ್ಕೆಗಳು. ಅಂಟಿಸುವ ಕೊಕ್ಕೆ ಬಣ್ಣದ ಗೋಡೆಯ ಮೇಲೆ ಮಳೆಗಾಲದಲ್ಲಿ ನಿಲ್ಲುವುದಿಲ್ಲ, ಬೀಳುವಾಗ ಬಣ್ಣವನ್ನೂ ಕಿತ್ತುಕೊಂಡು ಬೀಳುತ್ತದೆ. ಟೈಲ್ಸ್ ಮೇಲೆ ಮಾತ್ರ ಅಂಟಿಸಿ. ಮೊದಲು ಜಿಡ್ಡು ಹೋಗುವ ಹಾಗೆ ಸ್ಪಿರಿಟ್‌ನಲ್ಲಿ ಒರೆಸಿ, ಅಂಟಿಸಿ ಒಂದು ದಿನ ಬಿಟ್ಟು ಆಮೇಲೆ ಸೌಟು ನೇತುಹಾಕಿ. ಸಿಂಕ್ ಕೆಳಗಿನ ಕಪಾಟು ಅದಾಗಲೇ ಊದಿದ್ದರೆ ಅದರ ಬಾಗಿಲು ತೆರೆದೇ ಇಡಿ, ಒಳಗೆ ಬಾಲ್ದಿ, ಪೊರಕೆ ಬಿಟ್ಟು ಬೇರೇನೂ ಬೇಡ.

ಮನೆಗೆ ಕಾಲಿಟ್ಟ ದಿನವೇ ತೇವದ ಕಲೆ, ಊದಿದ ಬಾಗಿಲು, ತುಕ್ಕಿನ ಕೀಲು ಎಲ್ಲದರ ಫೋಟೋ ತೆಗೆದು ಮಾಲಕರಿಗೆ ಕಳಿಸಿ. ಮನೆ ಬಿಡುವಾಗ ಮುಂಗಡ ಹಣದಲ್ಲಿ ಕಡಿತ ಮಾಡಲು ಹೊರಟರೆ ಆ ಫೋಟೋಗಳೇ ನಿಮ್ಮ ಪರವಾಗಿ ಮಾತಾಡುತ್ತವೆ.